ಆಷಾಢಕ್ಕೆ ಹೋದ ಬುಕಿಂಗ್

ಶಿವರಾಮ್ ಕ್ಯಾಬಿನ್ನಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಕುರ್ಚಿಗೆ ಬಂದು ಕೂತು, ಬೆರಳುಗಳ ನೆಟಿಕೆ ಮುರಿದ. ಹೆಬ್ಬಾಳದ ಮೇಲ್ಸೇತುವೆಗೆ ಮುಖ ಮಾಡಿದ ಆ ಕೋಣೆಯಿಂದಲೇ ಅವನು ಅಲ್ಲಾಳಸಂದ್ರದ ಒಂದು ಮದುವೆಯನ್ನು ಎತ್ತಂಗಡಿ ಮಾಡಬೇಕಿತ್ತು.

ಶುಭಲಗ್ನ ಛತ್ರಗಳ ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್‌ಗಳಿಗೆಲ್ಲ ಅವನೇ ಒಡೆಯ. ಯಲಹಂಕ, ಆರ್.ಟಿ. ನಗರ, ಅಲ್ಲಾಳಸಂದ್ರದ ಛತ್ರಗಳಲ್ಲಿ ಒಂದೊಂದು ಸರ್ವರ್. ಅವುಗಳನ್ನು ಹೆಬ್ಬಾಳದ ಸರ್ವರ್‌ಗೆ ಕೊಂಡಿ ಹಾಕಿ ಜೋಡಿಸಿದವನೂ ಅವನೇ. ಲಿಂಕ್ಡ್ ಸರ್ವರ್ ಎಂದು ಅದರ ಹೆಸರು. ಇಲ್ಲಿ ಕೂತು ತಿದ್ದಿದರೆ ಅಲ್ಲಿ ಬದಲಾಗುತ್ತದೆ. ಆ ಕೊಂಡಿಯ ಮೇಲೆ ಯಾರು ಹೋದರೂ ಒಂದೇ ಲಾಗಿನ್. ತಿದ್ದಿದವರು ಯಾರೆಂದು ದೇವರಿಗೂ ಗೊತ್ತಾಗದು. ಹಿಂದೆ ಸೋಮಾರಿತನದಿಂದ ಮಾಡಿಟ್ಟಿದ್ದ ಏರ್ಪಾಡು ಅದು. ಈಗ ಅದನ್ನೇ ತನ್ನ ದೂರದೃಷ್ಟಿ ಎಂದುಕೊಂಡ.

ಕಾರಣವೇನೋ ದೊಡ್ಡದೇ. ಬಂದ ಗಂಡುಗಳಿಗೆಲ್ಲ ಮೂಗು ಮುರಿದಿದ್ದ ಮಗಳು ಆಶಾರಾಣಿ ರಾಜಾನುಕುಂಟೆಯ ಗೋಕುಲನನ್ನು ಒಪ್ಪಿದ್ದಳು. ಅವನ ಹೆಸರೆತ್ತಿದರೆ ಸಾಕು, ನಗು ಮುಚ್ಚಿಕೊಳ್ಳಲು ಅಡುಗೆಮನೆಗೆ ಓಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಶಿವರಾಮ್‌ನ ಕಣ್ಣು ತುಂಬುತ್ತಿತ್ತು. ಮಗಳೆಂದರೆ ಅವನಿಗೆ ಪ್ರಾಣ. ಆದರೆ ಗಂಡಿನ ಕಡೆಯವರದು ಒಂದೇ ಹಟ. ಆಷಾಢ ದಾಟಿದರೆ ಹುಡುಗನ ಗುರುಬಲ ಹೋಗುತ್ತದೆ. ಜ್ಯೇಷ್ಠದ ಕೊನೆಯ ಭಾನುವಾರದ ಮುಹೂರ್ತ ತಪ್ಪಿದರೆ ಸಂಬಂಧವೇ ಬೇಡ.

ಗೋಕುಲನ ತಂದೆ ಬೈರಣ್ಣ ಮಾತುಕತೆಯ ದಿನವೇ ಹೇಳಲು ನೋಡಿದ್ದ: “ಛತ್ರದ್ ವಿಷ್ಯ ನಮ್ಮವ್ವಂಗೂ ಒಂದ್ಮಾತು ಕೇಳಣ...”

ಶಿವರಾಮ್ ಮಾತು ಮುಗಿಸಲು ಬಿಟ್ಟರೆ ತಾನೆ? “ಅಯ್ಯೋ, ದೊಡ್ಡೋರಿಗ್ಯಾಕೆ ತೊಂದ್ರೆ ಬೀಗ್ರೇ? ಮೂರು ಛತ್ರಾನೂ ನನ್ ಅಂಗೈಲಿದೆ ಅಂದ್ಕೊಳ್ಳಿ.”

ಹಾಗೆಂದವನು ವಾರವಾದರೂ ಅಂಗೈ ಬಿಚ್ಚಿ ನೋಡಲಿಲ್ಲ. ನೋಡಿದಾಗ ಆ ಭಾನುವಾರ ಮೂರೂ ಭರ್ತಿ. ಯಲಹಂಕದ್ದು ಒಬ್ಬ ಕಾರ್ಪೊರೇಟರ್ ಹೆಸರಿನಲ್ಲಿತ್ತು. ಆರ್.ಟಿ. ನಗರದ್ದನ್ನು ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರು ಹಿಡಿದಿದ್ದರು. ಅವರ ತಂಟೆಗೆ ಹೋಗುವಷ್ಟು ದಡ್ಡನಲ್ಲ ಶಿವರಾಮ್. ಅಲ್ಲಾಳಸಂದ್ರದಲ್ಲಿ ಮಾತ್ರ ಬರೀ ಮುನಿಕೃಷ್ಣಮ್ಮ. ಹೆಸರಿನ ಮುಂದೆ ಡಾಕ್ಟರ್ ಇಲ್ಲ, ಹಿಂದೆ ಹುದ್ದೆಯಿಲ್ಲ. ಯಾವುದೋ ಮುದುಕಿ, ಬಾಯಿ ಮಾಡಿದರೂ ಕೇಳುವವರು ಯಾರು?

ಅಳಿಸಿಹಾಕಲು ಮನಸ್ಸು ಬರಲಿಲ್ಲ. ತಾನು ಅಷ್ಟು ಪಾಪಿಯಲ್ಲ. ಮುದುಕಿಯ ತಾರೀಖನ್ನು ಆಷಾಢಕ್ಕೆ ಸರಿಸುವ ಕಮಾಂಡ್ ಟೈಪ್ ಮಾಡಿದ. ಆ ತಿಂಗಳು ಯಾರೂ ಮದುವೆ ಮಾಡುವುದಿಲ್ಲವಾದ್ದರಿಂದ ಛತ್ರವೆಲ್ಲ ಖಾಲಿ, ಆಕೆಗೆ ಧಾರಾಳವಾಗಿ ಜಾಗವಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕಮಾಂಡಿನ ಕೊನೆಗೆ ಆಕೆಯ ಬುಕಿಂಗ್ ಸಂಖ್ಯೆಯನ್ನು ಮತ್ತೆ ಮತ್ತೆ ನೋಡಿ ಸೇರಿಸಿದ. ಅದೊಂದನ್ನು ಮರೆತರೆ ಛತ್ರದ ಅಷ್ಟೂ ಮದುವೆಗಳು ಆಷಾಢಕ್ಕೆ ಬೀಳುತ್ತವೆ. ಎಷ್ಟೆಂದರೂ ಅನುಭವಸ್ಥ. ಎಂಟರ್ ಒತ್ತಿದ.

‘ಒನ್ ರೋ ಅಫೆಕ್ಟೆಡ್’ ಎಂದಿತು ಪರದೆ. ಬದಲಾದದ್ದು ಒಂದೇ ಒಂದು ಸಾಲು, ಬೇರೆ ಯಾರಿಗೂ ತೊಂದರೆಯಿಲ್ಲ. ತೆರವಾದ ಭಾನುವಾರಕ್ಕೆ ತನ್ನ ಹೆಸರು ಬರೆದು, ಚಿಲಕ ತೆಗೆದು, ಕಾಫಿಗೆ ಹೇಳಿದ.

ಆ ವಾರವೇ ಗಂಡಿನ ಮನೆಯಲ್ಲಿ ತಾಂಬೂಲ ಬದಲಾಯಿಸುವ ಶಾಸ್ತ್ರ. ಹೆಂಡತಿ ಪದ್ಮಶ್ರೀಯನ್ನು ಕರೆದುಕೊಂಡು ರಾಜಾನುಕುಂಟೆಗೆ ಹೋದ. ಬೈರಣ್ಣ ಸೋಫಾ ತೋರಿಸಿದ. ಮೂಲೆಯ ಚಾಪೆಯ ಮೇಲೆ ಗೋಕುಲನ ಅಜ್ಜಿ ಅಡಕೆ ಕತ್ತರಿಸುತ್ತ ಕೂತಿದ್ದಳು. ಮನೆಗೆ ಹಿರಿಯಳೆಂದು ತಾಂಬೂಲದ ತಟ್ಟೆ ಆಕೆಯ ಮುಂದಿತ್ತು. ಶಿವರಾಮ್ ಕೈಮುಗಿದರೆ ತಲೆಯಾಡಿಸಿದಳು, ಅಷ್ಟೆ.

“ತಪ್ ತಿಳ್ಕೋಬೇಡಿ,” ಎಂದ ಬೈರಣ್ಣ. “ಬೆಳಿಗ್ಗೆ ಯಾವ್ದೋ ಫೋನ್ ಬಂತು, ಆವಾಗಿಂದ ಅವ್ವ ಯಾರತ್ರಾನೂ ಮಾತಾಡ್ತಿಲ್ಲ. ತಾಂಬೂಲದ್ ಒತ್ಗೆ ಒಂದ್ ಸಂತೋಷದ್ ಸುದ್ದಿ ಏಳ್ತೀನಿ ಅಂತಿದ್ರು, ಅದೂ ಇಲ್ಲ. ಇರ್ಲಿ, ಛತ್ರ ಸಿಕ್ತಾ ಬೀಗ್ರೇ?”

“ಸಿಗ್ದೇ ಏನ್ರೀ?” ಶಿವರಾಮ್ ಸೋಫಾದ ತುದಿಗೆ ಸರಿದ. “ಯಾವ್ದೋ ಅಜ್ಜಿ ಹಿಡ್ಕೊಂಡು ಕೂತಿತ್ತು. ನಾನು ಹೆಬ್ಬಾಳದಲ್ಲಿ ಕೂತಲ್ಲಿಂದಾನೇ ಎತ್ತಿ ಆಷಾಢಕ್ಕೆ ಹಾಕ್ದೆ! ಅಲ್ಲಾಳಸಂದ್ರದೋರಿಗೆ ಇವತ್ತಿಗೂ ಗೊತ್ತಿಲ್ಲ, ಯಾರ್ ಮಾಡಿದ್ದು ಅಂತ.”

ಪದ್ಮಶ್ರೀ ಅವನ ತೊಡೆ ಚಿವುಟಿದಳು. ಅದನ್ನು ಅವನು ಮೆಚ್ಚುಗೆ ಎಂದು ತಿಳಿದ. ಯಾರ ಕೈಗೂ ಸಿಕ್ಕಿಬೀಳದಂಥ ಕೆಲಸ ಮಾಡಿದವನಿಗೆ ಅದನ್ನು ಯಾರಿಗೂ ಹೇಳದೆ ಇರುವುದೇ ಕಷ್ಟ. ಎದ್ದು ನಿಂತು, ಸೊಂಟ ಬಗ್ಗಿಸಿ, ನಡುಗುವ ಕೈಯನ್ನು ಹಣೆಗೆ ಅಡ್ಡ ಹಿಡಿದ. “ಸಾಮೀ, ನಮ್ ಮದ್ವೆ ಎಲ್ಲೋಯ್ತು ಸಾಮೀ?”

ಬೈರಣ್ಣ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅಷ್ಟರಲ್ಲಿ ಶಿವರಾಮ್‌ನ ಮೊಬೈಲ್ ಗುರ್ ಎಂದಿತು. ‘ಆಯ್ತಾ ಅಪ್ಪಾ?’ ಎಂದು ಆಶಾರಾಣಿಯ ಮೆಸೇಜು. ಅದನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸಿದ.

ಅಡಕತ್ತರಿಯ ಸದ್ದು ನಿಂತಿತು.

“ಆ ಮುದ್ಕಿ ಎಸ್ರೇನಪ್ಪ?” ಬೆಳಗಿನಿಂದ ಅಜ್ಜಿ ಆಡಿದ ಮೊದಲ ಮಾತು ಅದು.

“ಮುನಿಕೃಷ್ಣಮ್ಮ ಅಂತೆ ಕಣಜ್ಜೀ,” ಎಂದ ಶಿವರಾಮ್. ಬಗ್ಗಿಸಿದ ಸೊಂಟವನ್ನು ಇನ್ನೂ ನೆಟ್ಟಗೆ ಮಾಡಿರಲಿಲ್ಲ.

ಬೈರಣ್ಣನ ನಗು ಅರ್ಧಕ್ಕೇ ನಿಂತಿತು. ಅಜ್ಜಿ ತಾಂಬೂಲದ ತಟ್ಟೆಯನ್ನು ಮೆಲ್ಲಗೆ ತನ್ನ ಮಡಿಲಿಗೆ ಎಳೆದುಕೊಂಡಳು.

“ಆ ಚತ್ರಾನ ನಿನ್ ಮಗಳ್ ಮದ್ವೇಗೇ ಇಡ್ದಿದ್ದೆ ಕಣಪ್ಪ. ಮುನಿಕೃಷ್ಣಮ್ಮ ನಾನೇಯ.”