ಬಾಯಿ ತೆರೆದು ತೋರಿಸಬೇಕು

"ಕುಪ್ಪಿಗೆ ಮದ್ದು ಕೊಡುವುದಿಲ್ಲ ಅಂದರೆ ಕೊಡುವುದಿಲ್ಲ" ಎಂದು ಕಂಪೌಂಡರ್ ಸೈಮನ್ ಖಾಲಿ ಕುಪ್ಪಿಯನ್ನು ಕಿಟಕಿಯಿಂದ ಹೊರಕ್ಕೆ ದೂಡಿದ. "ಯಾರಿಗೆ ಚಳಿಜ್ವರವೋ ಅವರೇ ಬರಬೇಕು. ನನ್ನ ಎದುರಿಗೆ ಕುಡಿಯಬೇಕು. ಕುಡಿದು ಬಾಯಿ ತೆರೆದು ತೋರಿಸಬೇಕು. ಮೇಲಿನವರ ಆರ್ಡರ್."

ಹೊರಗೆ ಸಾಲಿನ ಎದುರಿಗೆ ನಿಂತಿದ್ದ ಕಿನ್ನಿ ಉರುಳಿದ ಕುಪ್ಪಿಯನ್ನು ಹಿಡಿದುಕೊಂಡಳು. "ಮಗಳು ಎದ್ದು ನಿಲ್ಲುವ ಹಾಗಿದ್ದರೆ ನಾನೊಬ್ಬಳೇ ಯಾಕೆ ಬರ್ತೇನೆ? ಮೊನ್ನೆ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬಂದದ್ದು ನಿಮಗೆ ಕಾಣಲಿಲ್ಲವಾ? ನಮ್ಮ ಸರದಿ ಬರುವಾಗ ಮದ್ದು ಮುಗಿಯಿತು ಅಂತ ಕಿಟಕಿ ಹಾಕಿದಿರಿ. ಈ ಗೋಡೆಯ ಬುಡದಲ್ಲೇ ಅವಳಿಗೆ ಚಳಿ ಹಿಡಿದದ್ದು. ಇವತ್ತು ಮಧ್ಯಾಹ್ನಕ್ಕೆ ಪುನಃ ಹಿಡಿಯುತ್ತದೆ. ಅದಕ್ಕೆ ಮೊದಲು ಮದ್ದು ಹೊಟ್ಟೆಗೆ ಹೋಗಬೇಕು ಅಂತ ಹೇಳಿದ್ದು ಯಾರು? ನೀವೇ ಅಲ್ಲವಾ?"

"ಹೇಳಿದ್ದು ಹೌದು."

"ಮತ್ತೆ ಕೊಡ್ಲಿಕ್ಕೆ ಎಂತ? ಇನ್ನೊಂದು ಸಲ ಹಿಡಿದರೆ ನನ್ನ ಮಗಳು ಜಯ ಏಳುವುದಿಲ್ಲ ಸೈಮನ್ನರೇ."

ಸೈಮನ್ ಮದ್ದಿನ ಜಾಡಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿದ. ಯುದ್ಧದಲ್ಲಿ ಜಪಾನಿನವರು ಕ್ವಿನೈನ್ ಬರುವ ದೇಶವನ್ನೇ ಹಿಡಿದುಕೊಂಡ ಮೇಲೆ, ದೋಣಿ ನಿಲ್ಲುವ ದಕ್ಕೆಯ ಹತ್ತಿರದ ಆ ಸಣ್ಣ ಧರ್ಮಾಸ್ಪತ್ರೆಗೆ ಮದ್ದು ಚಿಟಿಕೆ ಚಿಟಿಕೆಯಾಗಿ ಬರುತ್ತಿತ್ತು. ಡಾಕ್ಟರನ್ನು ಮಿಲಿಟರಿಯವರು ಕರೆದುಕೊಂಡು ಹೋಗಿದ್ದರು. ಕುಪ್ಪಿಯಲ್ಲಿ ಕೊಟ್ಟ ಮದ್ದು ಕಾಳಸಂತೆಯಲ್ಲಿ ಸಿಕ್ಕಿತೆಂದು ಹಿಂದಿನ ಕಂಪೌಂಡರನ ಕೆಲಸ ಹೋಗಿತ್ತು. ಅವನ ಜಾಗಕ್ಕೆ ಬಂದವನು ಸೈಮನ್.

"ನಿಮ್ಮ ಮನೆ ಬಾಗಿಲಿಗೆ ಬೂತಾಯಿ ಮೀನು ತರುವವಳು ನಾನು" ಕಿನ್ನಿಯ ಸ್ವರ ಏರಿತು. "ಒಂದು ದಿನವಾದರೂ, ತಿಂದದ್ದು ಹೌದಾ, ಎಲ್ಲಿ ಬಾಯಿ ತೆರೆಯಿರಿ ನೋಡುವಾ ಅಂದಿದ್ದೇನಾ?"

ಸಾಲಿನಲ್ಲಿ ಯಾರೋ ನಕ್ಕರು. ಕಿನ್ನಿ ಗಕ್ಕನೆ ತಿರುಗಿದಳು. "ನಗ್ಲಿಕ್ಕೆ ಆಗುವವರಿಗೆ ಇಲ್ಲಿ ಎಂತ ಕೆಲಸ? ಮನೆಗೆ ಹೋಗಿ ಮಾರಾಯ್ರೇ!"

"ಕಿನ್ನಿಯಕ್ಕ, ನನ್ನ ಅನ್ನಕ್ಕೆ ಕಲ್ಲು ಹಾಕಬೇಡಿ" ಎಂದ ಸೈಮನ್. "ಮುಂದಿನವರು."

ಕಿನ್ನಿ ಅಂಗಳಕ್ಕಿಳಿದು ಕುಪ್ಪಿಯನ್ನು ಮುರಕಲ್ಲಿನ ಗೋಡೆಗೆ ಎಸೆದಳು. ಗಾಜು ಚೂರುಚೂರಾಯಿತು. ಹೋದಳೆಂದು ಎಲ್ಲರೂ ಅಂದುಕೊಂಡರು. ಆದರೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನ ಕೊನೆಯಲ್ಲಿ ಹೋಗಿ ನಿಂತಳು. ಸ್ವಲ್ಪ ಹೊತ್ತಿನಲ್ಲಿ ಅವಳ ಹಿಂದೆ ಹಂಚಿನ ಕಾರ್ಖಾನೆಯ ಬೋಜ ಬಂದು ನಿಂತ. ಕಂಬಳಿ ಹೊದ್ದಿದ್ದರೂ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

ಅವಳ ಸರದಿ ಬಂತು. ತಲೆ ತಗ್ಗಿಸಿಕೊಂಡೇ ಸೈಮನ್ ಕೇಳಿದ, "ಯಾರಿಗೆ ಜ್ವರ?"

"ನನಗೆ."

ಸೈಮನ್ ತಲೆ ಎತ್ತಿದ. ಕಿಟಕಿಯಿಂದ ಕೈ ಚಾಚಿ ಅವಳ ಹಣೆ ಮುಟ್ಟಿದ. ಹಣೆ ಹೊಳೆನೀರಿನಷ್ಟು ತಣ್ಣಗಿತ್ತು.

"ಹೌದು, ಸುಡ್ತಾ ಉಂಟು" ಎಂದ, ಹಿಂದಿನವರಿಗೂ ಕೇಳುವ ಹಾಗೆ. ಅಳತೆಯ ಗ್ಲಾಸಿಗೆ ಕ್ವಿನೈನ್ ಮಿಕ್ಸ್ಚರ್ ಹೊಯ್ದು ಕೊಟ್ಟ. ಕಿನ್ನಿ ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡಳು. ಕೆನ್ನೆ ಉಬ್ಬಿತು. ಕಹಿಗೆ ಕಣ್ಣಲ್ಲಿ ನೀರು ಬಂತು. ತುಟಿ ಬಿಗಿಹಿಡಿದು, ದಕ್ಕೆಯ ಕಡೆಗೆ ಹೊರಟಳು.

"ಮುಂದಿನವರು" ಎಂದ ಸೈಮನ್, ಬೇರೆ ಕಡೆ ನೋಡುತ್ತಾ.

"ನಿಲ್ಲಿ, ನಿಲ್ಲಿ!" ಬೋಜ ಕಂಬಳಿಯೊಳಗಿಂದ ಕೈ ತೆಗೆದು ಅವಳ ರಟ್ಟೆ ಹಿಡಿದ. "ನುಂಗಲೇ ಇಲ್ಲ ಇವಳು! ಗಂಟಲು ಅಲ್ಲಾಡಲಿಲ್ಲ, ನಾನು ನೋಡಿದ್ದೇನೆ. ಹೊರಗೆ ಹೋಗಿ ಉಗುಳಿ ಮಾರ್ತಾಳೆ. ಮೊನ್ನೆ ನನ್ನ ಸರದಿಗೆ ಮದ್ದು ಖಾಲಿ. ಇವತ್ತೂ ನಾನು ನಡುಗಿಕೊಂಡೇ ಹೋಗಬೇಕಾ? ಬಾಯಿ ತೆರೆಸಿ ಕಂಪೌಂಡ್ರೇ, ಇಲ್ಲದಿದ್ದರೆ ಮೇಲಿನವರಿಗೆ ನಾನೇ ಹೋಗಿ ಹೇಳ್ತೇನೆ!"

ಇಡೀ ಬಂದರಿಗೆ ಕೇಳುವ ಹಾಗೆ ಬೈಯಬಲ್ಲ ಕಿನ್ನಿಗೆ ಆಗ ಒಂದು ಮಾತೂ ಆಡುವ ಹಾಗಿರಲಿಲ್ಲ. ಇನ್ನೊಂದು ಕೈಯನ್ನು ಹೊಳೆಯ ಆಚೆಗೆ, ಮಗಳಿದ್ದ ಕಡೆಗೆ ಚಾಚಿ ಚಾಚಿ ತೋರಿಸಿದಳು. ಬೋಜನಿಗೆ ಸಂಗತಿ ಗೊತ್ತಿರಲಿಲ್ಲ. ಅವನ ಹಿಂದೆ ಬಂದು ಸಾಲಿನಲ್ಲಿ ನಿಂತಿದ್ದ ಬೆಂಗ್ರೆಯವರು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅವಳು ಕೊಂಡುಹೋದರೆ ಕಮ್ಮಿಯಾಗುವುದು ತಮ್ಮ ಪಾಲಿನದ್ದೇ ಎಂದು ಅವರ ಲೆಕ್ಕ.

ಸೈಮನ್ ಕಿಟಕಿಯ ಸರಳು ಹಿಡಿದುಕೊಂಡ. "ಕಿನ್ನಿಯಕ್ಕ... ಬಾಯಿ ತೆರೆಯಿರಿ."

ಅವಳು ತಲೆ ಅಲ್ಲಾಡಿಸಿದಳು. ತುಟಿಯ ಅಂಚಿನಿಂದ ಒಂದು ಹನಿ ಇಳಿಯಿತು. ಅದನ್ನು ಬೆರಳಿನಿಂದ ಒರಸಿ ಪುನಃ ಬಾಯಿಯೊಳಗೆ ದೂಡಿಕೊಂಡಳು.

"ನನ್ನ ಕೆಲಸ ಹೋದೀತು, ನನಗೂ ಮಕ್ಕಳು ಉಂಟು. ತೆರೆಯಿರಿ."

"ತೆರೆಯಿರಿ ಅಂದರೆ ತೆರೆಯುವ ಮುಖವಾ ಇದು?" ಎಂದು ಬೋಜ ಅವಳ ರಟ್ಟೆಯನ್ನು ಜಗ್ಗಿದ. ಕಿನ್ನಿಗೆ ಬಿಕ್ಕಿದ ಹಾಗಾಯಿತು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು.

ಬೋಜ ಕೈ ಬಿಟ್ಟ. ಕಿನ್ನಿ ಖಾಲಿಯಾದ ಬಾಯಿಯನ್ನು ಸೆರಗಿನಿಂದ ಒರಸಿಕೊಂಡಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ, ದವಡೆ ನೋಯುವಷ್ಟು ಬಾಯಿ ತೆರೆದು ನಾಲಗೆ ಹೊರಗೆ ಹಾಕಿದಳು. ಸೈಮನ್ ಮುಖ ತಿರುಗಿಸಿದ. ಅವನು ನೋಡುವ ತನಕ ಅವಳು ಬಾಯಿ ಮುಚ್ಚಲಿಲ್ಲ. ಮತ್ತೆ ಬೋಜನಿಗೆ ತೋರಿಸಿದಳು. ಸಾಲಿನಲ್ಲಿದ್ದ ಒಬ್ಬೊಬ್ಬರ ಎದುರಿಗೂ ಹೋಗಿ ತೋರಿಸಿದಳು.

"ಸರಿಯಾಗಿ ನೋಡಿದಿರಲ್ಲ ಎಲ್ಲರೂ?" ಎಂದು ಕೇಳಿ ಕಿಟಕಿಯ ಕಡೆ ತಿರುಗಿದಳು. "ಹಾಗಾದರೆ ಮೇಲಿನವರಿಗೆ ಬರೆಯಿರಿ ಸೈಮನ್ನರೇ, ಬೆಂಗ್ರೆಯ ಕಿನ್ನಿಗೆ ಜ್ವರ ಬಿಟ್ಟಿತು ಅಂತ."