ನೀಲಕಂಠನಿಗೆ ಶುರುವಾಗದ ಗಾಡಿ

ನದೀಮ್ ಕೂತು ಕೀಲಿ ತಿರುವಿದ. ಗಾಡಿ ಒಂದೇ ಸಲಕ್ಕೆ ಶುರುವಾಯಿತು.

"ನೋಡ್ರಿ," ಎಂದರು ವಿವೇಕಾನಂದ. "ನಿಮ್ಮ ಕೈಯಾಗ ಛಲೋ ಓಡ್ತದ. ನಮ್ಮ ಮನುಷ್ಯಾ ಕೂತ್ರ ಮಾತ್ರ ಕೆಡ್ತದ."

ಕಮಲಾಪುರದ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ ವಿವೇಕಾನಂದರ ಕಲ್ಯಾಣ ಮಂಟಪ. ಮುಂದೆ ದೊಡ್ಡ ಹುಲ್ಲುಹಾಸು. ಅದನ್ನು ಕತ್ತರಿಸಲು ಕೂತು ಓಡಿಸುವ ಗಾಡಿ. ಅದರ ಹೊಟ್ಟೆಯಡಿ ತಿರುಗುವ ಬ್ಲೇಡುಗಳು. ಓಡಿಸುವವನು ನೀಲಕಂಠ. ಐವತ್ತು ದಾಟಿದವನು, ಮಂಟಪ ಕಟ್ಟಿದಂದಿನಿಂದ ಇಲ್ಲೇ ಇದ್ದವನು. ಇತ್ತೀಚೆಗೆ ಅವನದು ಎರಡು ದೂರು. ಗಾಡಿ ಶುರುವಾಗಲು ಸತಾಯಿಸುತ್ತದೆ. ಶುರುವಾದರೂ ಬ್ಲೇಡು ಮೆಲ್ಲಗೆ ತಿರುಗಿ, ಹುಲ್ಲನ್ನು ಕತ್ತರಿಸದೆ ಮಲಗಿಸುತ್ತದೆ.

ನದೀಮ್ ಕಲಬುರಗಿಯ ಜಗತ್ ವೃತ್ತದಲ್ಲಿ ಅಂಗಡಿಯಿದ್ದ ಮೆಕ್ಯಾನಿಕ್. ಮೊದಲ ಸಲ ಬಂದಾಗ ಹಳೇ ಪೆಟ್ರೋಲ್ ತೆಗೆದು ಪ್ಲಗ್ ಬದಲಿಸಿದ್ದ. ಆಮೇಲೆ ಬ್ಯಾಟರಿ, ಬೆಲ್ಟ್ ಹೊಸದು ಹಾಕಿ, ಬ್ಲೇಡಿನ ಸುತ್ತ ಗಟ್ಟಿಯಾಗಿದ್ದ ಹುಲ್ಲು ಕೆರೆದಿದ್ದ. ಈಗ ಬದಲಿಸಲು ಏನೂ ಉಳಿದಿರಲಿಲ್ಲ.

ಚಹಾ ಬಂತು. ನೀಲಕಂಠ ಮುಟ್ಟಲಿಲ್ಲ. "ಸಕ್ರಿ ಹಾಕ್ಯಾರ. ಡಾಕ್ಟರ್ ಬ್ಯಾಡ ಅಂದಾರ," ಎಂದು ನೆರಳಿಗೆ ಹೋಗಿ ಕೂತ.

ವಿವೇಕಾನಂದ ದನಿ ತಗ್ಗಿಸಿದರು. "ಹಗಲಾಗೇ ಕುಡೀತಾನ ಅನಸ್ತದ. ನಡಿಗಿ ನೋಡ್ರಿ. ಮೊನ್ನಿ ಒಂದೇ ಚಪ್ಪಲಿ ಹಾಕ್ಕೊಂಡು ಗೇಟಿನಿಂದ ಇಲ್ಲಿತನ ಬಂದಾನ. ಇನ್ನೊಂದು ಎಲ್ಲದ ಅಂದ್ರ, ಗೊತ್ತಿಲ್ಲ ಅಂದ. ಕಡೀಗಿ ನಾನೇ ಬೂಟು ಕೊಡ್ಸೀನಿ."

"ವಾಸನಿ ಬಂದಿತ್ತೇನ್ರಿ?"

"ಇಲ್ಲ. ಶಾಣ್ಯಾ ಇದ್ದಾನ." ಅವರು ಲೋಟ ಕೆಳಗಿಟ್ಟರು. "ಗಾಡೀದು ತಪ್ಪಿಲ್ಲ ಅಂತ ನೀವ್ ಒಂದ್ ಮಾತು ಹೇಳ್ರಿ. ನಾಳಿಂದ ಅವ ಬರೋದು ಬ್ಯಾಡ."

ಮಾತು ನೆರಳಿನವರೆಗೂ ಕೇಳಿಸಿತ್ತು. ಮನೆಯಲ್ಲಿ ಹೆಂಡತಿ ಜಯದೇವಿಗೆ ಏನು ಹೇಳುವುದೆಂದು ನೀಲಕಂಠ ಯೋಚಿಸಿ ನೋಡಿದ. ಏನೂ ಹೊಳೆಯಲಿಲ್ಲ.

"ನಾ ಕುಡಿಯಾಂವ ಅಲ್ಲ," ಎಂದ, ನದೀಮ್ ಹತ್ತಿರ ಬಂದಾಗ. "ಗಾಡಿಗಿ ನಾ ಬ್ಯಾಡಾಗೀನಿ, ಅಷ್ಟೇ."

"ಕಾಕಾ, ನನ್ನ ಮುಂದ ಒಮ್ಮಿ ಶುರು ಮಾಡ್ರಿ."

ನೀಲಕಂಠ ಗಾಡಿಯ ಪಕ್ಕೆ ಹಿಡಿದು, ಹುಷಾರಾಗಿ ಹತ್ತಿ ಕೂತ. ಎಡಗಾಲಿನಿಂದ ಬ್ರೇಕನ್ನು ತಳದವರೆಗೆ ಒತ್ತಿದರೆ ಮಾತ್ರ ಈ ಗಾಡಿ ಶುರುವಾಗುವುದು. ಕೀಲಿ ತಿರುವಿದ. ಬರೀ ಟಿಕ್ ಎಂದಿತು.

"ಬ್ರೇಕ್ ಪೂರಾ ಒತ್ತೀರೇನ್ರಿ?"

"ಒತ್ತೀನಿ."

ನದೀಮ್ ಬಗ್ಗಿ ನೋಡಿದ. ಪೆಡಲ್ ಅರ್ಧಕ್ಕೇ ನಿಂತಿತ್ತು.

"ಇನ್ನಾ ಒತ್ರಿ."

"ಒತ್ತೀನಲ್ಲೋ ತಮ್ಮಾ. ಇನ್ನೆಷ್ಟು ಒತ್ಲಿ?"

ಬೂಟು ಕದಲಲಿಲ್ಲ. ನಾಟಕ, ಅನ್ನಿಸಿತು ನದೀಮ್‌ಗೆ. ತಾನೇ ಕೈಯಿಂದ ಪೆಡಲನ್ನು ಕೆಳಗೆ ಅದುಮಿದ. ಎಂಜಿನ್ ಹತ್ತಿತು. ಬ್ಲೇಡು ತಿರುಗಿಸುವ ಹಿಡಿ ಎಳೆದು, ಗೇರ್ ಹಾಕಿದ.

"ಈಗ ಕಾಲ ತಗೀರಿ."

"ತಗದೀನಿ."

ಬೂಟು ಪೆಡಲಿನ ಮೇಲೆಯೇ ಇತ್ತು. ಬ್ರೇಕಿನ ಹಿಡಿತಕ್ಕೆ ಎಂಜಿನ್ ಉಸಿರುಗಟ್ಟಿ, ಬ್ಲೇಡು ನಿಧಾನವಾಯಿತು. ಎರಡೂ ದೂರಿಗೆ ಕಾರಣ ಸಿಕ್ಕಿತು. ನೀಲಕಂಠ ಅವನ ಕಣ್ಣೆದುರೇ ಸುಳ್ಳು ಹೇಳುತ್ತಿದ್ದ. ನದೀಮ್ ಗಾಡಿ ಬಂದ್ ಮಾಡಿದ. ವಿವೇಕಾನಂದರಿಗೆ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಸಿಟ್ಟಿನಲ್ಲೇ ಬೂಟಿನಡಿ ಕೈಹಾಕಿ ಕಾಲನ್ನು ಪೆಡಲಿನಿಂದ ಎತ್ತಿದ. ಅಂಗೈ ಒದ್ದೆಯಾಯಿತು. ನೋಡಿದ, ಕೆಂಪು. ಶಾಮಿಯಾನದವರ ಉದ್ದನೆಯ ಮೊಳೆಯೊಂದು ಬೂಟಿನ ತಳವನ್ನು ತೂರಿ, ತಲೆಯವರೆಗೂ ಪಾದದೊಳಕ್ಕೆ ಇಳಿದಿತ್ತು.

"ಕಾಕಾ," ಎಂದ ನದೀಮ್. "ನೋವಾಗ್ಲಾಕತ್ತಿಲ್ಲೇನ್ರಿ?"

"ಎಲ್ಲಿ?" ಎಂದ ನೀಲಕಂಠ.