ಮನೆಯೊಳಗಿನ ಇಂಗ್ಲಿಷ್

“ಬೆನ್ನು ಉಜ್ಜಲಾ ಅನ್ನೋಕೆ ಇಂಗ್ಲಿಷಲ್ಲಿ ಏನಂತಾರೆ ಮೇಡಂ?”

ಭಾನುಪ್ರಿಯಾಳ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೇ ನಿಂತಿತು. ಅರಸೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಆ ಒಂದೇ ಕೋಣೆಯಲ್ಲಿ ಒಂಬತ್ತು ವರ್ಷದಿಂದ ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಇಂಟರ್‌ವ್ಯೂಗೆ ಹೋಗುವವರು ಬಂದಿದ್ದರು, ಫಾರಂ ತುಂಬಲು ಬಾರದವರು ಬಂದಿದ್ದರು. ಬೆನ್ನು ಉಜ್ಜುವ ಇಂಗ್ಲಿಷ್ ಕೇಳಿದವರು ಇವರೇ ಮೊದಲು. ಅದೂ ಐವತ್ತಾರರ ಹೆಂಗಸು.

“ಯಾರ ಬೆನ್ನು, ವಸಂತಮ್ಮ?”

“ಬರ್ಕೊಡಿ ಮೇಡಂ, ಬಸ್ಸಿಗೆ ಹೊತ್ತಾಯ್ತು.”

ವಸಂತಮ್ಮ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವರು. ವಾರಕ್ಕೆರಡು ದಿನ ಬರುತ್ತಿದ್ದರು. ಹಳೇಬೀಡು ಬಿಟ್ಟು ಇಷ್ಟು ದೂರ ಯಾಕೆ ಎಂದರೆ, “ಅಲ್ಲಾದ್ರೆ ಊರಿಗೆಲ್ಲ ಗೊತ್ತಾಯ್ತದೆ” ಎಂದಿದ್ದರು. ಎಬಿಸಿಡಿ ಬೇಡ, ‘ನನ್ನ ಹೆಸರು ಇಂಥದ್ದು’ ಬೇಡ. ಮನೆಯೊಳಗಿನ ಮಾತಷ್ಟೇ ಸಾಕು. ಹಸಿವಾಯಿತೇ? ತಲೆ ನೋಯುತ್ತದೆಯೇ? ನಿದ್ದೆ ಬಂತೇ? ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತ ಹೋಗುತ್ತಿದ್ದರು.

ಹಾಗೆ ನೋಡಿದರೆ ಮನೆಯಲ್ಲೇ ಮೇಷ್ಟ್ರಿದ್ದರು. ಗಂಡ ಮರಿಯಣ್ಣ ಮೂವತ್ತು ವರ್ಷ ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದವರು, ವಿದೇಶಿಯರಿಗೆ ಶಿಲ್ಪ ತೋರಿಸುತ್ತ ಗಂಟೆಗಟ್ಟಲೆ ಮಾತಾಡಿದವರು. ಆದರೆ ಬಚ್ಚಲಲ್ಲಿ ಜಾರಿ ಬಿದ್ದು, ತಿಂಗಳು ಆಸ್ಪತ್ರೆಯಲ್ಲಿದ್ದು ಬದುಕಿ ಬಂದದ್ದಕ್ಕೆ, ಮಾಲೇಕಲ್ಲು ವೆಂಕಟರಮಣನಿಗೆ ಮೌನದ ಹರಕೆ ಹೊತ್ತಿದ್ದಾರಂತೆ. ವಸಂತಮ್ಮನೇ ಹೇಳಿದ್ದು. ವ್ರತ ಕೆಡಿಸಿದ ಪಾಪ ನಮಗ್ಯಾಕೆ ಎಂದು ಊರಿನವರೂ ಆ ಜಗಲಿಯ ಕಡೆ ಬರುವುದನ್ನು ಬಿಟ್ಟಿದ್ದರು.

“ಎಂಟು ತಿಂಗಳಾಯ್ತು ಮೇಡಂ, ಸಾರಿಗೆ ಉಪ್ಪು ಜಾಸ್ತಿ ಅಂತ ಬೈಸಿಕೊಂಡು,” ಎಂದಿದ್ದರು ವಸಂತಮ್ಮ ಹಿಂದೊಂದು ದಿನ. “ಬೈದ್ರೂ ಸಾಕು ಅನ್ನಿಸ್ತೈತೆ.”

ಭಾನುಪ್ರಿಯಾಳಿಗೆ ಸಂಕಟವಾಗಿತ್ತು. ಅವಳೂ ಒಬ್ಬಳೇ ಇರುವವಳು. ಅಡುಗೆ ಮಾಡುತ್ತ ಗೋಡೆಯ ಜೊತೆ ಮಾತಾಡುವುದು ಅವಳಿಗೂ ರೂಢಿಯಾಗಿತ್ತು. ಆದರೆ ಈಗ ಬೆನ್ನಿನ ವಿಷಯ ಬಂದಿತ್ತಲ್ಲ, ಕೇಳದೆ ಇರಲಾಗಲಿಲ್ಲ.

“ಈ ಇಂಗ್ಲಿಷೆಲ್ಲ ಯಾರಿಗೆ ವಸಂತಮ್ಮ?”

“ಇನ್ಮೇಲೆ ಕನ್ನಡ ಬರದೋರ ಜೊತೆ ಬಾಳಬೇಕು ನಾನು.”

“ಗಂಡಸರಾ, ಹೆಂಗಸರಾ?”

“ಗಂಡಸರು. ಒಬ್ರೇ.” ವಸಂತಮ್ಮ ತಲೆ ತಗ್ಗಿಸಿದರು. “ಒಳ್ಳೆಯೋರು.”

“ಮರಿಯಣ್ಣನವರಿಗೆ ಹೇಳಿದ್ದೀರಾ?”

“ಹೇಳಿ ಏನು ಬಂತು ಮೇಡಂ? ಹೇಳಿದ್ದು ಅವರಿಗೆ ಮುಟ್ಟಬೇಕಲ್ಲ.”

ಭಾನುಪ್ರಿಯಾ ಎಲ್ಲ ಕೂಡಿಸಿ ನೋಡಿದಳು. ಯಾರೋ ಒಂಟಿ ವಿದೇಶಿ. ಗೈಡನ ಮನೆಗೆ ಬಂದು ಹೋಗಿ ಪರಿಚಯವಾದವನು. ಬೆನ್ನು ಉಜ್ಜಿಸಿಕೊಳ್ಳುವಷ್ಟು ಸಲುಗೆ. ಬಾಯಿ ಕಟ್ಟಿಕೊಂಡು ಕೂತ ಗಂಡನಿಗೆ ಇದೊಂದೂ ತಿಳಿದಿಲ್ಲ. ಆ ಸಂಸಾರ ಒಡೆಯಲು ಬೇಕಾದ ಒಂದೊಂದು ಮಾತನ್ನೂ ಬರೆದುಕೊಟ್ಟವಳು ತಾನೇ.

ಸೋಮವಾರ ವಸಂತಮ್ಮ ಬಂದವರೇ ಹೇಳಿದರು: “‘ನಿಮ್ಮನ್ನ ಬಿಟ್ಟು ನಾನು ಎಲ್ಲೂ ಹೋಗಲ್ಲ.’ ಇದನ್ನ ಸರಿಯಾಗಿ ಹೇಳ್ಕೊಡಿ ಮೇಡಂ. ಒಂಚೂರೂ ತಪ್ಪಬಾರದು.”

ಅವರ ಕಣ್ಣು ತುಂಬಿತ್ತು. ಭಾನುಪ್ರಿಯಾ ಬರೆದುಕೊಟ್ಟಳು. ಅವರು ಹೋದ ಮೇಲೆ ತನ್ನನ್ನೇ ಬೈದುಕೊಂಡಳು. ಇನ್ನು ಸುಮ್ಮನಿದ್ದರೆ ತನ್ನಂಥ ಇನ್ನೊಂದು ಒಂಟಿ ಜೀವ ಹುಟ್ಟಿಕೊಳ್ಳುತ್ತದೆ ಎನ್ನಿಸಿತು.

ಮಂಗಳವಾರ ಕೋಣೆಗೆ ಬೀಗ ಹಾಕಿ ಹಳೇಬೀಡಿನ ಬಸ್ಸು ಹತ್ತಿದಳು. ಬಸ್ತಿಹಳ್ಳಿಯಲ್ಲಿ ಮನೆ ಕೇಳಿಕೊಂಡು ಹೋದಾಗ ವಸಂತಮ್ಮ ರಾಗಿ ಬೀಸಿಸಲು ಮಿಲ್ಲಿನ ಕಡೆ ಹೊರಟಿದ್ದರು. ಅವರು ತಿರುವು ದಾಟುವ ತನಕ ಬೇಲಿಯ ಮರೆಯಲ್ಲಿ ನಿಂತಳು. ಇಂಗ್ಲಿಷ್ ಟೀಚರಿಗೆ ಇದೂ ಒಂದು ಬಾಕಿಯಿತ್ತು.

ಜಗಲಿಯ ಮೇಲೆ ಮರಿಯಣ್ಣ ಒಬ್ಬರೇ ಕೂತಿದ್ದರು. ಇಸ್ತ್ರಿ ಮಾಡಿದ ಶರಟು, ಬಾಚಿದ ತಲೆ, ಎದುರಿಗೆ ಖಾಲಿ ಬೀದಿ. ಅವಳು ಕೈ ಮುಗಿದಳು. ಅವರೂ ಮುಗಿದರು.

“ನೀವು ಮಾತಾಡಬೇಡಿ, ಕೇಳಿಸ್ಕೊಂಡ್ರೆ ಸಾಕು,” ಎಂದು ಒಂದೇ ಉಸಿರಿಗೆ ಶುರು ಮಾಡಿದಳು. “ನಿಮ್ಮ ಮನೆಯವರು ನಿಮ್ಮನ್ನ ಬಿಟ್ಟು ಇನ್ನೊಬ್ಬರ ಜೊತೆ ಹೋಗೋ ತಯಾರೀಲಿದ್ದಾರೆ. ಅವನಿಗೋಸ್ಕರ ಇಂಗ್ಲಿಷ್ ಕಲೀತಿದ್ದಾರೆ. ಕಲಿಸಿದ್ದು ನಾನೇ, ಕ್ಷಮಿಸಿ. ಅವರ ಮೇಲೆ ಕೋಪ ಮಾಡ್ಕೋಬೇಡಿ. ಈ ವ್ರತ ಬಿಟ್ಟು ಅವರನ್ನ ಒಂದ್ಸಲ ಮಾತಾಡಿಸಿ ನೋಡಿ, ನಿಂತ್ಕೊಂಡಾರು.”

ಮರಿಯಣ್ಣನವರಿಗೆ ಸಿಟ್ಟು ಬರಲಿಲ್ಲ. ಅವಳ ತುಟಿಗಳನ್ನೇ ನೋಡುತ್ತಿದ್ದರು. ಮಾತು ಮುಗಿದಾಗ ಅವರ ಕಣ್ಣಲ್ಲಿ ನೀರಿತ್ತು. ಎದ್ದು ಒಳಗೆ ಹೋಗಿ, ಕುರ್ಚಿ ತಂದು ಹಾಕಿ, ಬಾಯಿ ತೆರೆದರು.

“ದಯವಿಟ್ಟು ಕೂತಿರಿ ಮೇಡಂ, ಎಂಟು ತಿಂಗಳಲ್ಲಿ ನನ್ನನ್ನು ಮಾತಾಡಿಸಲು ಬಂದವರು ನೀವೊಬ್ಬರೇ,” ಎಂದರು ಸ್ವಚ್ಛ ಇಂಗ್ಲಿಷಿನಲ್ಲಿ, “ತಲೆಗೆ ಏಟು ಬಿದ್ದಾಗಿನಿಂದ ನನಗೆ ಕನ್ನಡ ಒಂದಕ್ಷರವೂ ತಿಳಿಯುವುದಿಲ್ಲ, ನನ್ನ ಹೆಂಡತಿ ನನಗೋಸ್ಕರ ಇಂಗ್ಲಿಷ್ ಕಲಿಯುತ್ತಿದ್ದಾಳೆ, ಈಗ ಬಂದುಬಿಡುತ್ತಾಳೆ, ನೀವು ಹೇಳಿದ್ದನ್ನೆಲ್ಲ ಅವಳೇ ನನಗೆ ಬಿಡಿಸಿ ಹೇಳುತ್ತಾಳೆ.”